ಬಿರುಕು ಬಿಟ್ಟ ಹೊಲದ ಫೋಟೋ ಕಳಿಸಲೇನ್ರಿ?

ಪ್ರಶ್ನೆ: "ಸರ, ಹವಾಮಾನ ಬದಲಾವಣೆ ಯೋಜನೆಗಳ ಮ್ಯಾಲ ಒಂದು ಇಂಟರ್‌ನ್ಯಾಷನಲ್ ಫೋಟೋ ಸ್ಪರ್ಧೆ ಬಂದೈತ್ರಿ. ನನ್ನ ಹಂತ್ಯಾಕ ಒಂದು ಚಲೋ ಫೋಟೋ ಐತಿ. ಬಿರುಕು ಬಿಟ್ಟ ಹೊಲದಾಗ ಮುದುಕ ಒಬ್ಬಾಂವ ಮುಗಿಲು ನೋಡಿಕೋತ ಕುಂತಾನ. ಕಳಿಸಿದ್ರ ಪ್ರೈಜ್ ಬರ್ತೈತೇನ್ರಿ? ಕ್ಯಾಮೆರಾ ಯಾವುದು ಬೇಕಾಗ್ತೈತಿ?"
– ಇಂಡಿ ತಾಲೂಕಿನ ಒಬ್ಬ ಓದುಗರು

ಬರುವುದಿಲ್ಲ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆ ನನಗೆ ಬರುತ್ತಿರುವುದು ಮೊದಲ ಸಲ ಅಲ್ಲ. ಇಂಡಿಯಿಂದ ಬರುತ್ತದೆ, ಮುದ್ದೇಬಿಹಾಳದಿಂದ ಬರುತ್ತದೆ, ಹುನಗುಂದದಿಂದ ಬರುತ್ತದೆ, ಅಥಣಿಯಿಂದಲೂ ಬರುತ್ತದೆ. ಊರು ಬೇರೆ, ಅಜ್ಜ ಬೇರೆ, ಫೋಟೋ ಮಾತ್ರ ಒಂದೇ. ಕೆಳಗೆ ಬಿರುಕು ಬಿಟ್ಟ ಕರಿ ನೆಲ. ನಡುವೆ ಧೋತರ ಉಟ್ಟ ಅಜ್ಜ. ಹಣೆಯ ಮೇಲೆ ಕೈ. ಮೇಲೆ ಖಾಲಿ ಮುಗಿಲು. ಕೆಲವರು ಪಕ್ಕದಲ್ಲಿ ಒಂದು ಖಾಲಿ ಕೊಡವನ್ನೂ ಇಟ್ಟಿರುತ್ತಾರೆ. ಹೊಲದ ನಟ್ಟನಡುವೆ ಕೊಡ ಹೇಗೆ ಬಂತು ಎಂದು ಕೇಳಿದರೆ ಸುಮ್ಮನಾಗುತ್ತಾರೆ.

ಕ್ಯಾಮೆರಾ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದು ಒಂದು ಮಾತಿನ ಕೆಲಸ. ನಿಯಮದಲ್ಲಿ ಮೊಬೈಲ್ ಬೇಡ ಎಂದು ಬರೆದಿರದಿದ್ದರೆ ಮೊಬೈಲ್ ನಡೆಯುತ್ತದೆ. 12 ಮೆಗಾಪಿಕ್ಸೆಲ್ ಮೊಬೈಲಿನ ಫೋಟೋ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇರುತ್ತದೆ. ಪ್ರದರ್ಶನದ ಗೋಡೆಗೆ ಹಾಕಲು ಅಷ್ಟು ಸಾಕು. ಲಕ್ಷ ರೂಪಾಯಿ ಸಾಲ ಮಾಡಿ ಕ್ಯಾಮೆರಾ ತಂದು, ಅದೇ ಬಿರುಕು, ಅದೇ ಅಜ್ಜನನ್ನು ತೆಗೆದರೆ ಬಿರುಕು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ.

ಈಗ ಮುಖ್ಯ ಮಾತು. ನೀವು ಕಳಿಸಿದ ಪ್ರಕಟಣೆಯನ್ನು ನಾನೂ ಓದಿದೆ. ಅದರಲ್ಲಿ "ಹವಾಮಾನ ಬದಲಾವಣೆ" ಆದಮೇಲೆ ಇನ್ನೊಂದು ಪದ ಇದೆ. "ಯೋಜನೆಗಳು". ನೀವು ಆ ಪದ ಬಿಟ್ಟು ಓದಿದ್ದೀರಿ. ಎಲ್ಲರೂ ಬಿಟ್ಟೇ ಓದುತ್ತಾರೆ. ಅವರು ಕೇಳಿದ್ದು ಕಷ್ಟದ ಫೋಟೋ ಅಲ್ಲ, ಕಷ್ಟಕ್ಕೆ ಜನ ಏನು ಮಾಡುತ್ತಿದ್ದಾರೆ ಎನ್ನುವುದರ ಫೋಟೋ. ಪರೀಕ್ಷೆಯಲ್ಲಿ ಹಸುವಿನ ಬಗ್ಗೆ ಬರೆಯಿರಿ ಎಂದರೆ ತೆಂಗಿನ ಮರದ ಬಗ್ಗೆ ಬರೆದು, ಕೊನೆಗೆ ಹಸುವನ್ನು ಆ ಮರಕ್ಕೆ ಕಟ್ಟಿದ ಹುಡುಗನ ಕತೆ ಗೊತ್ತಲ್ಲ, ಹಾಗಾಯಿತು ಇದು.

ಯೋಜನೆ ಎಂದರೆ ಏನು ಎನ್ನುವುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. 1997ರಲ್ಲಿ ಜಪಾನಿನ ಕ್ಯೋಟೋ ಊರಿನಲ್ಲಿ ಒಂದು ಒಪ್ಪಂದ ಆಯಿತು. 2005ರಲ್ಲಿ ಜಾರಿಗೆ ಬಂತು. ಶ್ರೀಮಂತ ದೇಶಗಳು ತಮ್ಮ ಹೊಗೆಯನ್ನು, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲವನ್ನು, ಇಷ್ಟು ಕಡಿಮೆ ಮಾಡಬೇಕು ಎಂದು ಅದರಲ್ಲಿ ಬರೆದಿತ್ತು. ಜೊತೆಗೆ ಒಂದು ದಾರಿಯನ್ನೂ ಬಿಟ್ಟಿದ್ದರು. ನಮ್ಮಂಥ ದೇಶದಲ್ಲಿ ಯಾರಾದರೂ ಗಾಳಿ ವಿದ್ಯುತ್ತೋ ಗೋಬರ್ ಗ್ಯಾಸೋ ಮಾಡಿ ಹೊಗೆ ಉಳಿಸಿದರೆ, ಉಳಿಸಿದ ಒಂದೊಂದು ಟನ್ನಿಗೆ ಒಂದೊಂದು ಪ್ರಮಾಣಪತ್ರ. ಅದನ್ನು ಶ್ರೀಮಂತ ದೇಶಗಳು ಕೊಳ್ಳಬಹುದಿತ್ತು. ಇದಕ್ಕೆ ಸಿಡಿಎಂ (ಕ್ಲೀನ್ ಡೆವಲಪ್‌ಮೆಂಟ್ ಮೆಕ್ಯಾನಿಸಂ) ಎಂದು ಹೆಸರು. ಚೀನಾ ಬಿಟ್ಟರೆ ಇಂಥ ಯೋಜನೆಗಳು ಜಾಸ್ತಿ ನೋಂದಣಿ ಆದದ್ದು ನಮ್ಮ ದೇಶದಲ್ಲೇ. ಕರ್ನಾಟಕದಲ್ಲಿ ಗಾಳಿಯಂತ್ರಗಳಿದ್ದವು, ಸಕ್ಕರೆ ಕಾರ್ಖಾನೆಗಳಿದ್ದವು, ಬಾಗೇಪಲ್ಲಿ ಕಡೆಯ ಹಳ್ಳಿಗಳ ಗೋಬರ್ ಗ್ಯಾಸ್ ಕೂಡ ಇತ್ತು. ಇದನ್ನೆಲ್ಲ ನೋಡಿಕೊಳ್ಳುವ ವಿಶ್ವಸಂಸ್ಥೆಯ ಹವಾಮಾನ ಕಚೇರಿ ಜರ್ಮನಿಯ ಬಾನ್ ಊರಿನಲ್ಲಿದೆ. ಈ ಯೋಜನೆಗಳು ಜನರ ಬದುಕು ಹೇಗೆ ಬದಲಿಸಿವೆ ತೋರಿಸಿ ಎಂದು ಆ ಕಚೇರಿಯೇ ಫೋಟೋ ಸ್ಪರ್ಧೆ ನಡೆಸಿತ್ತು. ಆಮೇಲೆ ಬಂದ ಸ್ಪರ್ಧೆಗಳೂ ಹೆಚ್ಚುಕಮ್ಮಿ ಅದೇ ದಾರಿ ಹಿಡಿದಿವೆ.

ಯೋಜನೆಗಳಲ್ಲಿ ಎರಡು ಬಗೆ. ಹೊಗೆ ಕಡಿಮೆ ಮಾಡುವುದು ಒಂದು. ಬಂದ ಬಿಸಿಲು, ಬರ, ನೆರೆಯನ್ನು ತಾಳಿಕೊಳ್ಳಲು ಏರ್ಪಾಡು ಮಾಡುವುದು ಇನ್ನೊಂದು. ಸೋಲಾರ್ ಪಂಪು ಮೊದಲನೆಯದು. ಕೃಷಿ ಹೊಂಡ ಎರಡನೆಯದು. ನಿಮ್ಮ ಫೋಟೋದಲ್ಲಿ ಈ ಎರಡರಲ್ಲಿ ಯಾವುದೂ ಎದ್ದು ಕಾಣುವುದಿಲ್ಲ.

"ಯೋಜನೆ ಇಲ್ಲದಿದ್ದರೇನಾಯ್ತು ಸರ, ಬಿರುಕು ಅಂದರೆ ಹವಾಮಾನ ಬದಲಾವಣೆ ಅಲ್ವಾ?" ಎಂದು ಮುಂದಿನ ಪ್ರಶ್ನೆ ಬರುತ್ತದೆ. ಬಂದೇ ಬರುತ್ತದೆ. ಇಲ್ಲಿ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಊರ ಹೊರಗಿನವರು ಕೇಳಿದರೆ ತಾಳಿಕೊಳ್ಳಬಹುದು. ಎರಿ ಹೊಲದಲ್ಲಿ ಹುಟ್ಟಿ, ಅದರಲ್ಲೇ ಬಿದ್ದು ಎದ್ದು ಬೆಳೆದವರು ಕೇಳಿದರೆ ಏನು ಹೇಳುವುದು?

ನಮ್ಮ ಎರಿ ಮಣ್ಣು ಬೇಸಗೆಯಲ್ಲಿ ಬಾಯಿ ಬಿಡುತ್ತದೆ. ಪ್ರತಿ ವರ್ಷ ಬಿಡುತ್ತದೆ. ಮಳೆ ಚಲೋ ಆದ ವರ್ಷವೂ ಬಿಡುತ್ತದೆ. ಆದಿಲ್‌ಶಾಹಿಗಳು ಗೋಲಗುಮ್ಮಟ ಕಟ್ಟುವಾಗಲೂ ಆ ಸುತ್ತಿನ ಹೊಲಗಳು ಏಪ್ರಿಲ್‌ನಲ್ಲಿ ಬಾಯಿ ಬಿಟ್ಟೇ ಇದ್ದಿರಬೇಕು. ದಖ್ಖನ್ನಿನ ಕರಿಕಲ್ಲು ಸವೆದು ಆದ ಮಣ್ಣು ಇದು. ಇದರೊಳಗೆ ಸ್ಮೆಕ್ಟೈಟ್ ಎಂಬ ಜಾತಿಯ ಜೇಡಿ ಇರುತ್ತದೆ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕುಗ್ಗಿದಾಗ ನೆಲ ಸೀಳುತ್ತದೆ. ಕೆಲವು ಕಡೆ ಕೈ ಹೋಗುವಷ್ಟು ಅಗಲ, ಒಂದು ಮೀಟರಿನವರೆಗೂ ಆಳ. ಮೇಲಿನ ಸಣ್ಣ ಹೆಂಟೆ, ಪುಡಿಮಣ್ಣು ಆ ಬಿರುಕಿನೊಳಗೆ ಬೀಳುತ್ತದೆ. ಮಳೆ ಬಂದಾಗ ಮತ್ತೆ ಉಬ್ಬಿ ಮುಚ್ಚುತ್ತದೆ. ಮೇಲಿನ ಮಣ್ಣು ಕೆಳಗೆ, ಕೆಳಗಿನದು ಮೇಲೆ. ತನ್ನನ್ನು ತಾನೇ ಉಳುವ ಮಣ್ಣು ಎಂದು ಇದನ್ನು ಕರೆಯುವುದು ಅದಕ್ಕೇ. ಮೊದಲ ದೊಡ್ಡ ಮಳೆಯ ನೀರು ಹರಿದುಹೋಗದೆ ಆ ಬಿರುಕಿನಿಂದಲೇ ಆಳಕ್ಕೆ ಇಳಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ, ಆಮೇಲೆ ಹನಿ ಮಳೆ ಇಲ್ಲದೆಯೂ ಬರೀ ಹಸಿ ಮತ್ತು ಇಬ್ಬನಿಯ ಮೇಲೆ ತೆನೆ ಕಟ್ಟುವುದು ಈ ಮಣ್ಣಿನಿಂದ. ನಮ್ಮ ರೊಟ್ಟಿ ಬರುವುದೇ ಈ ಬಿರುಕಿನೊಳಗಿಂದ. ನೀವು ಅದನ್ನು ಸಾವಿನ ಗುರುತು ಮಾಡಿ ಪರದೇಶಕ್ಕೆ ಕಳಿಸಲು ಹೊರಟಿದ್ದೀರಿ.

ಕೆರೆಯಂಗಳದ ಬಿರುಕೂ ಅಷ್ಟೇ. ಕೆರೆಯ ಹೂಳು ಸಣ್ಣ ಜೇಡಿ. ನೀರು ಇಳಿದರೆ ಚೌಕಚೌಕವಾಗಿ ಸೀಳುತ್ತದೆ. ಕೃಷಿ ಹೊಂಡದ ತಳವೂ ಸೀಳುತ್ತದೆ. ಮನೆಯ ಮುಂದಿನ ಚರಂಡಿಯ ಕೆಸರೂ ಸೀಳುತ್ತದೆ. ಒಬ್ಬ ಹುಡುಗ ಚರಂಡಿಯ ಕೆಸರನ್ನೇ ಹತ್ತಿರದಿಂದ ತೆಗೆದು "ಭೀಕರ ಬರಗಾಲ" ಎಂದು ಬರೆದು ನನಗೆ ಕಳಿಸಿದ್ದ. ಮೂಲೆಯಲ್ಲಿ ಗುಟ್ಕಾ ಚೀಟಿ ಕಾಣದಿದ್ದರೆ ನಾನೂ ನಂಬುತ್ತಿದ್ದೆ.

ಹಾಗಾದರೆ ನಮ್ಮಲ್ಲಿ ಬರ ಇಲ್ಲವೇ? ಇದೆ, ಇದೆ. ಅದನ್ನು ವಿಜಯಪುರದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ದ್ರಾಕ್ಷಿ ತೋಟ ಉಳಿಸಲು ಟ್ಯಾಂಕರ್ ಲೆಕ್ಕದಲ್ಲಿ ನೀರು ಕೊಂಡವರು ತಿಕೋಟಾ ಕಡೆ ಬೇಕಾದಷ್ಟು ಜನ ಇದ್ದಾರೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಯ ಊರುಗಳು ಮುಳುಗಿದ್ದನ್ನೂ ನೋಡಿದ್ದೇವೆ. ಆದರೆ ಹವಾಮಾನ ಎನ್ನುವುದು ಒಂದು ಬೇಸಗೆಯ ಮಾತಲ್ಲ. ಲೆಕ್ಕ ಹಾಕುವವರು 30 ವರ್ಷದ ಸರಾಸರಿ ಹಿಡಿಯುತ್ತಾರೆ. ಈಗ ಬಳಸುವುದು 1991ರಿಂದ 2020ರವರೆಗಿನ ಸರಾಸರಿ. ಅದರ ಪಕ್ಕ ಇಟ್ಟು ನೋಡಿದಾಗ ಬದಲಾವಣೆ ಕಾಣುತ್ತದೆ. ಒಂದು ಬಿರುಕಿನ ಫೋಟೋ 30 ವರ್ಷದ ಕತೆ ಹೇಳಲಾರದು. ಅದು ಮೇ ತಿಂಗಳು ಎಂದು ಹೇಳುತ್ತದೆ, ಅಷ್ಟೇ.

ಇಷ್ಟೆಲ್ಲ ಹೇಳುವವನು ತಾನು ಅಂಥ ಫೋಟೋ ತೆಗೆದೇ ಇಲ್ಲವೇನು ಎಂದು ನೀವು ಕೇಳಬಹುದು. ತೆಗೆದಿದ್ದೇನೆ. ಹೇಳಲು ನಾಚಿಕೆ ಆಗುತ್ತದೆ, ಆದರೂ ಹೇಳುತ್ತೇನೆ.

ಸ್ಟುಡಿಯೋ ತೆಗೆದ ಹೊಸತು. ಮದುವೆ ಸೀಸನ್ ಮುಗಿದಿತ್ತು. ಕೈಯಲ್ಲಿ ಕೆಲಸ ಇರಲಿಲ್ಲ. ಒಂದು ಸ್ಪರ್ಧೆಗೆ ಫೋಟೋ ಬೇಕೆಂದು ನಮ್ಮ ಓಣಿಯ ಕಾಕಾ ಒಬ್ಬರನ್ನು ಅವರದೇ ಹೊಲಕ್ಕೆ ಕರೆದುಕೊಂಡು ಹೋದೆ. ಫೋಟೋ ಎಂದು ಕಾಕಾ ಹೊಸ ಧೋತರ ಉಟ್ಟು, ಗುಲಾಬಿ ಪಟಕಾ ಸುತ್ತಿಕೊಂಡು ಬಂದಿದ್ದರು. ನಾನು ಅದನ್ನು ಬಿಚ್ಚಿಸಿ, ಎತ್ತಿನ ಮೈ ಒರೆಸುವ ಹಳೆಯ ಅರಿವೆ ತಲೆಗೆ ಸುತ್ತಿಸಿದೆ. ದೊಡ್ಡ ಬಿರುಕು ಹುಡುಕಿ ಅಲ್ಲಿ ಕೂರಿಸಿದೆ. ಹಣೆಗೆ ಕೈ ಇಡಿ ಎಂದೆ. ಮುಗಿಲು ನೋಡಿ ಎಂದೆ.

"ಯಾಕೋ ತಮ್ಮಾ?"

"ಮಳಿ ನೋಡಾಕತ್ತೀರಿ ಕಾಕಾ."

"ಮಳಿ ನೆತ್ತಿ ಮ್ಯಾಲಿಂದ ಬರ್ತೈತೇನೋ ಹುಚ್ಚಪ್ಯಾಲಿ? ಅದು ಮೂಲ್ಯಾಗಿಂದ ಏರಿಕೋತ ಬರ್ತೈತಿ. ಮಳಿ ನೋಡೂದಿದ್ರ ಆ ಕಡೆ ನೋಡ್ಬೇಕು." ಎಂದು ಕೈ ಮಾಡಿ ತೋರಿಸಿದರು.

ಆ ಕಡೆ ನೋಡಿದರೆ ಬೆಳಕು ಸರಿ ಬರುವುದಿಲ್ಲ ಎಂದು ನಾನು ಮತ್ತೆ ಮೇಲೇ ನೋಡಿಸಿದೆ. ಹೊಲ ಹೀಗೆ ಬಿರುಕು ಬಿಟ್ಟಿದೆಯಲ್ಲ, ಚಿಂತೆ ಆಗುವುದಿಲ್ಲವೇ ಎಂದು ಕೇಳಿದೆ. ಮುಖದ ಮೇಲೆ ಸ್ವಲ್ಪ ದುಃಖ ಬರಲಿ ಎಂದು ಕೇಳಿದ್ದು. ಕಾಕಾ ನಕ್ಕುಬಿಟ್ಟರು. "ಎರಿ ಹೊಲ ಬ್ಯಾಸಗ್ಯಾಗ ಬಾಯಿ ಬಿಡಲಾರದ ಮತ್ತೇನ ಮಾಡ್ತೈತಿ? ಬಿಡಲಿಲ್ಲಂದ್ರ ನನಗ ಚಿಂತಿ."

ಮೇಲೆ ಮಣ್ಣಿನ ಬಗ್ಗೆ ನಾನು ಹೇಳಿದ್ದೆಲ್ಲ ಆಮೇಲೆ ಓದಿ ತಿಳಿದದ್ದು. ಕಾಕಾ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು. ಅವತ್ತು ನನ್ನ ತಲೆಗೆ ಹೋಗಲಿಲ್ಲ. ನಗು ನಿಂತ ಮೇಲೆ ತೆಗೆದ ಒಂದು ಫ್ರೇಮನ್ನು ಆರಿಸಿ ಕಳಿಸಿದೆ. ಏನೂ ಬರಲಿಲ್ಲ. ಬಾರದಿದ್ದದ್ದೇ ಒಳ್ಳೆಯದಾಯಿತು. ಬಂದಿದ್ದರೆ ಇವತ್ತಿಗೂ ಊರೂರು ತಿರುಗಿ ಅಜ್ಜಂದಿರನ್ನು ಬಿಸಿಲಲ್ಲಿ ಕೂರಿಸುತ್ತಿದ್ದೆ.

ಕೂರಿಸಿ ತೆಗೆದರೆ ಯಾರಿಗೆ ಗೊತ್ತಾಗುತ್ತದೆ ಎನ್ನಬೇಡಿ. ಗೊತ್ತಾಗುತ್ತದೆ. ಲಂಡನ್ನಿನ ಮ್ಯೂಸಿಯಂ ಒಂದು ನಡೆಸುವ ದೊಡ್ಡ ವನ್ಯಜೀವಿ ಸ್ಪರ್ಧೆಯಲ್ಲಿ 2009ರಲ್ಲಿ ಬೇಲಿಯ ಗೇಟು ಹಾರುವ ತೋಳದ ಫೋಟೋಕ್ಕೆ ಮೊದಲ ಬಹುಮಾನ ಬಂತು. ಅದು ಪಳಗಿಸಿದ ತೋಳ ಇರಬೇಕು ಎಂದು ತೀರ್ಪುಗಾರರಿಗೆ ಅನುಮಾನ ಬಂದು 2010ರ ಜನವರಿಯಲ್ಲಿ ಬಹುಮಾನ ವಾಪಸ್ ತೆಗೆದುಕೊಂಡರು. ಫೋಟೋ ತೆಗೆದವರು ಒಪ್ಪಲಿಲ್ಲ. ಅದೇ ಸ್ಪರ್ಧೆಯಲ್ಲಿ 2018ರಲ್ಲಿ ಇನ್ನೊಂದು. ಗೆದ್ದ ಫೋಟೋದಲ್ಲಿದ್ದ ಇರುವೆಬಾಕ (ಇರುವೆ ತಿನ್ನುವ ಪ್ರಾಣಿ) ಜೀವಂತದ್ದಲ್ಲ, ಸತ್ತದ್ದರ ಚರ್ಮಕ್ಕೆ ತುಂಬಿ ನಿಲ್ಲಿಸಿದ ಬೊಂಬೆ ಎಂದು ಪರಿಣತರು ಹೇಳಿದರು. ತೆಗೆದವರು ಅದನ್ನೂ ಒಪ್ಪಲಿಲ್ಲ. ಬಹುಮಾನ ಹೋಯಿತು. 2015ರಲ್ಲಿ, ಸುದ್ದಿ ಫೋಟೋಗಳ ದೊಡ್ಡ ಸ್ಪರ್ಧೆ ನಡೆಸುವ ವರ್ಲ್ಡ್ ಪ್ರೆಸ್ ಫೋಟೋದವರು ಒಂದು ಬಹುಮಾನ ರದ್ದು ಮಾಡಿದರು. ಕಾರಣ ಬಹಳ ಸಣ್ಣದು ಅನಿಸಬಹುದು. ಬೆಲ್ಜಿಯಂನ ಒಂದು ಊರಿನ ಕತೆ ಎಂದು ಕಳಿಸಿದ ಸರಣಿಯಲ್ಲಿ ಒಂದು ಫೋಟೋ ಆ ಊರಿನದಲ್ಲ, ಬ್ರಸೆಲ್ಸ್ ಕಡೆಯದು. ಅಷ್ಟಕ್ಕೇ ಹೋಯಿತು. ನೀವು ಇಂಡಿ ಎಂದು ಬರೆದು ಸಿಂದಗಿಯ ಫೋಟೋ ಕಳಿಸುವ ಮುಂಚೆ ಇದನ್ನು ನೆನಪಿಡಿ. ಎಐಯಿಂದ ಮಾಡಿಸಿದ ಬಿರುಕು, ಎಐಯಿಂದ ಮಾಡಿಸಿದ ಅಜ್ಜನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಕಡೆಯ ಸುತ್ತಿಗೆ ಬಂದವರ ಹತ್ತಿರ ಮೂಲ ಫೈಲ್ ಕೇಳುತ್ತಾರೆ. ಆಗ ನೀವೇ ಮುಗಿಲು ನೋಡಬೇಕಾಗುತ್ತದೆ.

ಇನ್ನೊಂದು ಜಾತಿಯ ಫೋಟೋ ಇದೆ. ಅದನ್ನೂ ಇಲ್ಲೇ ಮುಗಿಸುತ್ತೇನೆ. ಒಂದು ಸಸಿ, ಅದನ್ನು ಹಿಡಿದ ಹನ್ನೆರಡು ಕೈ, ಎಲ್ಲರ ಮುಖ ಕ್ಯಾಮೆರಾ ಕಡೆ, ಹಿಂದೆ ಬ್ಯಾನರ್. ಸಸಿಯ ಕಡೆ ಯಾರೂ ನೋಡುತ್ತಿರುವುದಿಲ್ಲ. ಇದು ಯೋಜನೆಯ ಫೋಟೋ ಹೌದು. ಆದರೆ ಬೇಡ. ನಮ್ಮ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನ ಎಂದು ಸಸಿ ನೆಟ್ಟರಲ್ಲ, ಅದರಲ್ಲಿ ಬದುಕಿ ದೊಡ್ಡದಾದ ಗಿಡ ಹುಡುಕಿ. ಅದರ ಬುಡಕ್ಕೆ ಬೇಸಗೆಯಲ್ಲಿ ನೀರು ಹಾಕಿದವರು ಯಾರು ಎಂದು ಕೇಳಿ. ಅವರು ಆ ಗಿಡದ ನೆರಳಿಗೆ ಕುಳಿತು ಬುತ್ತಿ ಬಿಚ್ಚುವ ಹೊತ್ತಿಗೆ ಹೋಗಿ. ಆ ಫೋಟೋ ಕಳಿಸಿ.

ಹಾಗಾದರೆ ಏನು ತೆಗೆಯಬೇಕು? ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಯಲ್ಲಿ ವಿಷಯಕ್ಕೆ ಏನೂ ಕೊರತೆ ಇಲ್ಲ. ನನಗೆ ಬಹಳ ಇಷ್ಟದ್ದು ಕಬ್ಬಿನ ರವದಿ. ಕಬ್ಬು ಕಡಿದ ಮೇಲೆ ಉಳಿದ ಒಣ ಗರಿಗೆ ರಾತ್ರಿ ಬೆಂಕಿ ಇಡುತ್ತಾರೆ. ಮುಧೋಳ, ಜಮಖಂಡಿ, ಚಿಕ್ಕೋಡಿ ಕಡೆ ಸುಗ್ಗಿಯಲ್ಲಿ ಸಂಜೆ ಹೊತ್ತು ಬಸ್ಸಿನಲ್ಲಿ ಹೋದರೆ ಸಾಲುಸಾಲು ಬೆಂಕಿ. ಫೋಟೋಕ್ಕೆ ಬಹಳ ಚಂದ. ಎಲ್ಲರೂ ಅದನ್ನೇ ತೆಗೆಯುತ್ತಾರೆ. ಆದರೆ ಅದು ರೋಗ, ಯೋಜನೆ ಅಲ್ಲ. ಪಕ್ಕದ ಹೊಲದಲ್ಲಿ ಒಬ್ಬ ರೈತ ರವದಿ ಸುಡದೆ, ಸಾಲಿನ ನಡುವೆ ಹಾಸಿ ಕೊಳೆಸುತ್ತಿರುತ್ತಾನೆ. ನೆಲದ ಹಸಿ ಉಳಿಯುತ್ತದೆ, ಕಸ ಕಡಿಮೆ, ಎರೆಹುಳು ಬರುತ್ತವೆ. ಸುಡುವವರು ಅವನನ್ನು ನೋಡಿ ನಗುತ್ತಿರುತ್ತಾರೆ. ಇಬ್ಬರ ಹೊಲದ ನಡುವಿನ ಒಡ್ಡಿನ ಮೇಲೆ ನಿಂತು ನೋಡಿ. ಒಂದು ಕಡೆ ಕರಿ ಬೂದಿ, ಇನ್ನೊಂದು ಕಡೆ ಹಳದಿ ಹಾಸು. ಒಂದೇ ಫ್ರೇಮಿನಲ್ಲಿ ಎರಡೂ ಬರುತ್ತವೆ.

ಕಬ್ಬಿನದೇ ಇನ್ನೊಂದು. ಕಾರ್ಖಾನೆಯಲ್ಲಿ ಕಬ್ಬು ಹಿಂಡಿದ ಮೇಲೆ ಉಳಿಯುವ ಬಗಾಸ್ ಉರಿಸಿ ಕರೆಂಟು ಮಾಡುತ್ತಾರಲ್ಲ. ಅದನ್ನು ಸುಟ್ಟರೂ ಹೊಗೆ ಬರುತ್ತದೆ, ಮತ್ತೆ ಇದೇಕೆ ಒಳ್ಳೆಯದು ಎಂದು ಕೇಳುತ್ತಾರೆ. ಆ ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವೇ ಈಗ ಸುಟ್ಟಾಗ ಗಾಳಿಗೆ ಹೋಗುತ್ತದೆ. ಮುಂದಿನ ಬೆಳೆ ಮತ್ತೆ ಹೀರುತ್ತದೆ. ಕಲ್ಲಿದ್ದಲು ಹಾಗಲ್ಲ. ಅದು ಕೋಟ್ಯಂತರ ವರ್ಷ ನೆಲದಡಿ ಇದ್ದದ್ದು. ಈ ವ್ಯತ್ಯಾಸ ತೋರಿಸಬೇಕೆಂದರೆ ಕೂಡಗಿಗೆ ಹೋಗಿ. ಅಲ್ಲಿ 2400 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಇದೆ. ಆಲಮಟ್ಟಿ ಅಣೆಕಟ್ಟಿನ ಬುಡದಲ್ಲಿ 290 ಮೆಗಾವ್ಯಾಟಿನ ಜಲವಿದ್ಯುತ್ ಇದೆ. ಇವೆರಡೂ ಒಂದೇ ನದಿಯ ನೀರು ಕುಡಿಯುತ್ತವೆ. ಆದರೆ ಕಾರ್ಖಾನೆ, ಸ್ಥಾವರದ ಒಳಗೆ ಹೋಗುವುದಾದರೆ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ಅಣೆಕಟ್ಟಿನ ಮೇಲೆ ಡ್ರೋನ್ ಹಾರಿಸುವ ಸಾಹಸ ಬೇಡ. ಪೊಲೀಸ್ ಠಾಣೆಯಲ್ಲಿ ನಿಮ್ಮದೇ ಫೋಟೋ ತೆಗೆಯುತ್ತಾರೆ.

ಗಾಳಿಯಂತ್ರ ಎಂದಕೂಡಲೇ ಸವದತ್ತಿ ಕಡೆಯ ಗುಡ್ಡ, ಮುಳುಗುವ ಸೂರ್ಯ, ಕರಿ ನೆರಳಿನ ಫ್ಯಾನು. ಸಾಕು, ನೋಡಿ ನೋಡಿ ಕಣ್ಣು ನೋಯುತ್ತದೆ. ಅದರ ಒಂದೊಂದು ರೆಕ್ಕೆ ಉದ್ದನೆಯ ಲಾರಿಯ ಮೇಲೆ ನಮ್ಮ ಹಳ್ಳಿಯ ತಿರುವಿನಲ್ಲಿ ಸಿಕ್ಕಿಕೊಂಡಾಗ ಊರಿಗೆ ಊರೇ ಸೇರಿ ದಾರಿ ಹೇಳುತ್ತದಲ್ಲ, ಅದನ್ನು ಯಾರೂ ತೆಗೆದಿಲ್ಲ. ಸೋಲಾರ್ ಹಲಗೆ ಎಂದರೆ ಅದರ ಮೇಲಿನ ಧೂಳು. ನಮ್ಮ ಕಡೆಯ ಧೂಳಿಗೆ ಆಗಾಗ ಬೆಳಿಗ್ಗೆ ಬಿಸಿಲೇರುವ ಮುಂಚೆ ಒರೆಸುತ್ತಿರದಿದ್ದರೆ ಪಂಪು ಸರಿ ಎತ್ತುವುದಿಲ್ಲ. ಹೆಂಡತಿಯ ಹಳೆಯ ಸೀರೆಯಲ್ಲಿ ಹಲಗೆ ಒರೆಸುವ ರೈತ ಇದ್ದಾನೆ. ಆ ಸೀರೆಯ ಬಣ್ಣ ಗಾಜಿನಲ್ಲಿ ಕಾಣುತ್ತದೆ.

ಗೋಬರ್ ಗ್ಯಾಸಿನ ನೀಲಿ ಉರಿ ತೆಗೆಯುವುದು ಸ್ವಲ್ಪ ಕಷ್ಟ. ಬಲ್ಬು ಹಚ್ಚಿದರೆ ಉರಿ ಕಾಣುವುದಿಲ್ಲ. ಬಲ್ಬು ಆರಿಸಿ, ಕಿಟಕಿಯ ಸಣ್ಣ ಬೆಳಕಿನಲ್ಲಿ, ಮೊಬೈಲನ್ನು ಡಬ್ಬಿಗೆ ಆನಿಸಿ ಹಿಡಿದು ತೆಗೆಯಿರಿ. ಫ್ಲ್ಯಾಶ್ ಬೇಡವೇ ಬೇಡ.

ಕೆರೆ ತುಂಬುವ ಯೋಜನೆ ನಮ್ಮ ಜಿಲ್ಲೆಯ ದೊಡ್ಡ ಸಂಗತಿ. ಆದಿಲ್‌ಶಾಹಿ ಕಾಲದ ಮಮದಾಪುರ ಕೆರೆಗೆ ಕೃಷ್ಣೆಯ ನೀರು ಬಂದದ್ದು ಸಣ್ಣ ಮಾತೇ? ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ತಿಕೋಟಾ ಕಡೆಯ ತೋಟಗಳು ಉಸಿರಾಡಿದವು. ಆದರೆ ಬರೆಯುವಾಗ ಪ್ರಾಮಾಣಿಕವಾಗಿ ಬರೆಯಿರಿ. ಆ ನೀರು ತಾನಾಗಿ ಏರಿ ಬಂದದ್ದಲ್ಲ. ಪಂಪು ಎತ್ತಿದ್ದು, ಪಂಪಿಗೆ ಕರೆಂಟು ಬೇಕು, ಕರೆಂಟಿಗೆ ಮತ್ತೆ ಕಲ್ಲಿದ್ದಲೂ ಬೇಕು. ತೀರ್ಪುಗಾರರಿಗೆ ಇದು ತಿಳಿಯುತ್ತದೆ. ಬಚ್ಚಿಟ್ಟರೆ ಅವರು ನಗುತ್ತಾರೆ, ಹೇಳಿದರೆ ನಂಬುತ್ತಾರೆ.

ಇನ್ನು ಕಳಿಸುವ ವಿಷಯ. ಜಾಸ್ತಿ ಜನ ಸೋಲುವುದು ಇಲ್ಲೇ, ಫೋಟೋದಲ್ಲಿ ಅಲ್ಲ.

ಮಿತ್ರನ ಮೊಬೈಲಿನಿಂದ ವಾಟ್ಸಾಪ್‌ನಲ್ಲಿ ತರಿಸಿಕೊಂಡ ಫೋಟೋ ಕಳಿಸಬೇಡಿ. ವಾಟ್ಸಾಪ್ ಫೋಟೋವನ್ನು ಕಬ್ಬಿನ ಹಾಗೆ ಹಿಂಡುತ್ತದೆ. ನಿಮ್ಮ ಕೈಗೆ ಬರುವುದು ಬಗಾಸ್. ಯಾವತ್ತು, ಯಾವ ಮೊಬೈಲಿನಲ್ಲಿ ತೆಗೆದದ್ದು ಎಂಬ ಮಾಹಿತಿಯೂ ಅದರಿಂದ ಅಳಿಸಿ ಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ನೂರು ಸಲ ಹೇಳಿದ್ದೇನೆ ಇದನ್ನು.

ಫೋಟೋದ ಮೂಲೆಯಲ್ಲಿ ಸ್ಟುಡಿಯೋ ಹೆಸರು, ಮೊಬೈಲ್ ನಂಬರು, ಹಾರುವ ಪಾರಿವಾಳ ಹಾಕಬೇಡಿ. ತೀರ್ಪುಗಾರರು ಹೆಸರು ನೋಡದೆ ಆರಿಸಬೇಕು, ಆದ್ದರಿಂದ ಹೆಸರಿದ್ದ ಫೋಟೋ ಅಲ್ಲೇ ಪಕ್ಕಕ್ಕೆ ಹೋಗುತ್ತದೆ. ಬೆಳಕು ಸ್ವಲ್ಪ ಸರಿ ಮಾಡಬಹುದು, ಅಂಚು ಕತ್ತರಿಸಬಹುದು. ಕರೆಂಟಿನ ತಂತಿ ಅಳಿಸುವುದು, ಮೋಡ ಅಂಟಿಸುವುದು ನಡೆಯುವುದಿಲ್ಲ. ಮದುವೆ ಆಲ್ಬಮ್ಮಿನಲ್ಲಿ ವರನ ಹಿಂದೆ ಸ್ವಿಟ್ಜರ್ಲೆಂಡ್ ಹಾಕಿದ ಕೈಗೆ ಇದು ಕಷ್ಟ, ನನಗೆ ಗೊತ್ತು.

ಫೋಟೋದಲ್ಲಿರುವವರ ಒಪ್ಪಿಗೆ ಬೇಕು. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಅವರಿಗೆ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ. ಫೋಟೋ ಎಲ್ಲೆಲ್ಲಿ ಹೋಗಬಹುದು ಎಂದು ಬಿಡಿಸಿ ಹೇಳಿ. ಮಕ್ಕಳಾದರೆ ತಂದೆತಾಯಿಯ ಸಹಿ.

ಶೀರ್ಷಿಕೆಯ ಕೆಳಗಿನ ವಿವರಣೆಯನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ಯಾರು, ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾರೆ, ಅದರಿಂದ ಏನು ಉಳಿಯಿತು. ನಾಲ್ಕು ಸಾಲು. "ಭೂತಾಯಿಯ ಕಣ್ಣೀರು" ಎಂದೆಲ್ಲ ಬೇಡ. ಆಮೇಲೆ ಊರಿನ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರ ಹತ್ತಿರ ಹೋಗಿ. ಮೊಬೈಲಿನ ಅನುವಾದವನ್ನು ಅವರಿಗೆ ಒಮ್ಮೆ ತೋರಿಸದೆ ಕಳಿಸಬೇಡಿ. ರವದಿಯನ್ನು ಅದು ಏನೆಂದು ಮಾಡುತ್ತದೋ ದೇವರಿಗೇ ಗೊತ್ತು.

ಕಡೆಯ ದಿನ ರಾತ್ರಿ 23:59 ಎಂದಿದ್ದರೆ ಯಾವ ದೇಶದ ರಾತ್ರಿ ಎಂದು ನೋಡಿ. ಲಂಡನ್ನಿನ ಗ್ರೀನಿಚ್ ಲೆಕ್ಕವಾದರೆ ನಮಗೆ ಮರುದಿನ ಬೆಳಿಗ್ಗೆ 5:29. ಜರ್ಮನಿಯ ಚಳಿಗಾಲದ ಲೆಕ್ಕವಾದರೆ 4:29. ಹಾಗೆಂದು ಆ ಹೊತ್ತಿನವರೆಗೂ ಕಾಯಬೇಡಿ. ಕರೆಂಟು ಹೋಗುವುದೂ ಆವಾಗಲೇ.

ಹಣದ ವಿಷಯ. ಕೆಲವು ಸ್ಪರ್ಧೆಗೆ ಪ್ರವೇಶ ಶುಲ್ಕ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಗೆದ್ದ ಮೇಲೆ ಕೊರಿಯರ್ ಚಾರ್ಜು, ಟ್ಯಾಕ್ಸು ಎಂದು ಹಣ ಕೇಳಿದರೆ ಅದು ಸ್ಪರ್ಧೆ ಅಲ್ಲ. ಹಕ್ಕಿನ ಸಾಲನ್ನೂ ಓದಿ. ಸ್ಪರ್ಧೆಯ ಪ್ರಚಾರಕ್ಕೆ ಬಳಸುತ್ತೇವೆ ಎಂದರೆ ಸರಿ. ಕಳಿಸಿದ ಎಲ್ಲ ಫೋಟೋದ ಪೂರ್ತಿ ಹಕ್ಕು ನಮ್ಮದೇ ಎಂದರೆ ಬಿಟ್ಟುಬಿಡಿ. ಸುಮ್ನೆ ಪುಕ್ಕಟೆ ಫೋಟೋ ಕೂಡಿಹಾಕುವವರೂ ಇದ್ದಾರೆ.

ಈಗ ನೀವು ಕೇಳದ ಒಂದು ಮಾತು.

ಸ್ಪರ್ಧೆಗೆ ಹೊಸ ಫೋಟೋ ಹುಡುಕಿಕೊಂಡು ಹೊಲ ಸುತ್ತುವವರು ಮನೆಯ ಅಟ್ಟದ ಮೇಲಿನ ಟ್ರಂಕು ಯಾಕೆ ತೆಗೆಯುವುದಿಲ್ಲ? ಒಂದು ಬಿರುಕಿನ ಫೋಟೋ 30 ವರ್ಷದ ಕತೆ ಹೇಳಲಾರದು ಎಂದೆ. ಆದರೆ ಒಂದೇ ಜಾಗದ ಎರಡು ಫೋಟೋ, ನಡುವೆ 30 ವರ್ಷ, ಅವು ಹೇಳುತ್ತವೆ. ಹಿಮನದಿಗಳು ಕರಗುವುದನ್ನು ಜಗತ್ತು ಕಣ್ಣಾರೆ ಕಂಡದ್ದು ಹೀಗೇ. ಜೇಮ್ಸ್ ಬೇಲಾಗ್ ಎಂಬ ಛಾಯಾಗ್ರಾಹಕರು 2007ರಲ್ಲಿ ಹಿಮನದಿಗಳ ಎದುರು ಕ್ಯಾಮೆರಾ ನೆಟ್ಟು, ಹಗಲಿರುವಷ್ಟು ಹೊತ್ತು, ವರ್ಷಗಟ್ಟಲೆ ಅದೇ ಜಾಗದ ಫೋಟೋ ತೆಗೆಸಿದರು. ನಮಗೆ ಹಿಮನದಿ ಇಲ್ಲ. ಕೆರೆ ಇದೆ, ಹಳ್ಳ ಇದೆ, ಸೇದುವ ಬಾವಿ ಇದೆ.

ಮತ್ತೆ ನಮ್ಮ ಹಳೆಯ ಸ್ಟುಡಿಯೋದವರು ಎಂಥ ಕೆಲಸ ಮಾಡಿಟ್ಟಿದ್ದಾರೆ ನೋಡಿ. ಮದುವೆಯಾದ ಮೇಲೆ ಜೋಡಿಯನ್ನು ಕೆರೆ ದಂಡೆಗೆ ಕರೆದುಕೊಂಡು ಹೋಗಿ ಫೋಟೋ ತೆಗೆಯುತ್ತಿದ್ದರು. ಭೂತನಾಳ ಕೆರೆಯ ದಂಡೆಯಲ್ಲಿ ನಾನೇ ಎಷ್ಟು ಜೋಡಿ ನಿಲ್ಲಿಸಿದ್ದೇನೋ ಲೆಕ್ಕವಿಲ್ಲ. ನಾವು ನೋಡಿದ್ದು ಗಂಡ ಹೆಂಡತಿಯ ಮುಖ. ಅವರ ಹಿಂದೆ ನೀರು ಎಲ್ಲಿಯವರೆಗಿತ್ತು ಎನ್ನುವುದೂ ಅದರಲ್ಲಿ ಬಂದಿದೆ. ಫೋಟೋದ ಹಿಂದೆ ತಾರೀಖು ಇದೆ. ಯಾರಿಗೂ ಗೊತ್ತಿಲ್ಲದೆ ಮೂವತ್ತು ನಲವತ್ತು ವರ್ಷದ ದಾಖಲೆ ಆಲ್ಬಮ್ಮುಗಳಲ್ಲಿ ಕುಳಿತಿದೆ.

ಇಲ್ಲೂ ಒಂದು ಎಚ್ಚರ. ಹಳೇ ಬಾಗಲಕೋಟೆಯ ಒಬ್ಬರು ತಮ್ಮ ಮನೆ ಇದ್ದ ಜಾಗದ ಎರಡು ಫೋಟೋ ತಂದು ತೋರಿಸಿದ್ದರು. ಒಂದರಲ್ಲಿ ಓಣಿ, ಇನ್ನೊಂದರಲ್ಲಿ ನೀರು. "ಹವಾಮಾನ ಬದಲಾವಣೆಗೆ ಇದಕ್ಕಿಂತ ಸಾಕ್ಷಿ ಬೇಕೇನ್ರಿ?" ಎಂದರು. ಅದು ಆಲಮಟ್ಟಿಯ ಹಿನ್ನೀರು. ನೀರು ಬಂತು, ಜನ ನವನಗರಕ್ಕೆ ಹೋದರು. ಅದಕ್ಕೆ ಕಾರಣ ಅಣೆಕಟ್ಟು, ಬಿಸಿಲಲ್ಲ. ಆ ಜೋಡಿ ಫೋಟೋ ಬೇರೆಯೇ ಕತೆ, ಬಹಳ ದೊಡ್ಡ ಕತೆ. ಅವರಿಗೆ ಹಾಗೆಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಓಣಿಯ ಫೋಟೋದಲ್ಲಿ ಬಾಗಿಲಿಗೆ ಆನಿ ನಿಂತ ಹುಡುಗನನ್ನು ತೋರಿಸಿ, ಅದು ತಾನೇ ಎಂದರು.

ನಾನು ಈಗ ಮಾಡುತ್ತಿರುವುದು ಇಷ್ಟೇ. ಪ್ರತಿ ವರ್ಷ ಮೇ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ನಮ್ಮೂರ ಕೆರೆಯ ಏರಿಯ ಮೇಲೆ ಒಂದು ಗುರುತಿನ ಕಲ್ಲಿನ ಪಕ್ಕ ನಿಂತು, ಅದೇ ಎತ್ತರದಿಂದ, ಅದೇ ಕಡೆ ಒಂದು ಫೋಟೋ. ಹನ್ನೊಂದು ಆಗಿವೆ. ನಾಲ್ಕರಲ್ಲಿ ನೀರಿದೆ, ಏಳರಲ್ಲಿ ಇಲ್ಲ. ಒಂದರಲ್ಲಿ ನೀರಿನ ನಡುವೆ ಎಮ್ಮೆಯೊಂದು ನನ್ನನ್ನೇ ನೋಡುತ್ತಿದೆ. ಇವುಗಳಲ್ಲಿ ಒಂದನ್ನೂ ಸ್ಪರ್ಧೆಗೆ ಕಳಿಸಿಲ್ಲ.

ಅಂದ ಹಾಗೆ ಇಂಡಿಯ ಓದುಗರೇ, ನಿಮ್ಮ ಫೋಟೋದ ಎಡಗಡೆ ಮೂಲೆ ದೊಡ್ಡದು ಮಾಡಿ ನೋಡಿದಿರಾ? ಅಜ್ಜನ ಹಿಂದೆ, ಬಹಳ ದೂರದಲ್ಲಿ, ನೀಲಿ ತಾಡಪತ್ರಿ ಹಾಸಿದ ಕೃಷಿ ಹೊಂಡ, ಅದರ ಪಕ್ಕ ನಿಂಬೆ ತೋಟ ಇರುವ ಹಾಗಿದೆ. ಅದು ಆ ಅಜ್ಜಂದೇ ಏನು? ಅವರದೇ ಆದರೆ ಮತ್ತೊಮ್ಮೆ ಹೋಗಿ. ಬಿರುಕು ಬಿಟ್ಟುಬಿಡಿ, ಹೊಂಡದ ಹತ್ತಿರ ಹೋಗಿ. ಅವರು ನೀರು ಬಿಡುವ ಹೊತ್ತು ಕೇಳಿಕೊಂಡು ಹೋಗಿ, ಕೂರಿ ಏಳಿ ಎನ್ನಬೇಡಿ. ತೆಗೆದದ್ದನ್ನು ಮೊದಲು ನನಗೆ ತೋರಿಸಿ. ಡಾಕ್ಯುಮೆಂಟ್ ಆಗಿ ಕಳಿಸಿ.